ಬೆಂಗಳೂರಿನಲ್ಲಿ ನೋಡತಕ್ಕ ಸ್ಥಳಗಳು

ರಾಣೆಬೆನ್ನೂರು
26 ಫೆಬ್ರುವರಿ 2025

ಪ್ರೀತಿಯ ಸಾನಿಯಾ,

ಹೋರಾಟದ ವಂದನೆಗಳು. ಕಾಗದದ ಜೊತೆ ಪತ್ರಿಕೆಯ ತುಣುಕೊಂದನ್ನು ಇಟ್ಟಿದ್ದೇನೆ. ಗಾಜು ಹಾಕಿಸಿ ಗೋಡೆಗೆ ತೂಗುಹಾಕು. ಇಪ್ಪತ್ತೆರಡು ವರ್ಷದಿಂದ ಬ್ಯಾಡಗಿಯ ಗೋದಾಮುಗಳ ಮುಂದೆ ಗಂಟಲು ಹರಿದುಕೊಂಡಿದ್ದೇನೆ. ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಸುದ್ದಿ ಒಮ್ಮೆಯೂ ಜಿಲ್ಲಾ ಪುಟ ದಾಟಿರಲಿಲ್ಲ. ಈಗ ನಿನ್ನ ತಾಯಿ ಕುಲ್ಸುಮಬಿಯ ಮುಖವನ್ನು ಇಡೀ ರಾಜ್ಯ ನೋಡಿದೆ. 'ರಾಜಧಾನಿಯಲ್ಲಿ ಉಕ್ಕಿದ ಕೂಲಿಕಾರ್ತಿಯ ಕಣ್ಣೀರು' ಎಂಬ ತಲೆಬರಹ ಪತ್ರಿಕೆಯವರದು. ಫೋಟೋ ಆರಿಸಿ, ಹೆಸರು, ಊರು ಬರೆದು ಕಳಿಸಿದವನು ನಾನು.

ಹೆಂಗಸರಿಗೆ ಬೆಂಗಳೂರು ತೋರಿಸುತ್ತೇನೆಂದು ಹೇಳಿದ್ದೆ. ಹೊತ್ತು ಸಾಲಲಿಲ್ಲ. ಮಂತ್ರಿಗಳ ಕಡೆಯವರು ಮನವಿ ತೆಗೆದುಕೊಳ್ಳಲು ಬಂದಾಗಲೇ ಸಂಜೆ ಐದಾಗಿತ್ತು. ಆದರೆ ಯೋಚಿಸಿ ನೋಡು, ಲಾಲ್‌ಬಾಗಿನ ಹೂವು ಮುಂದಿನ ವರ್ಷವೂ ಅರಳುತ್ತದೆ. ಗೋದಾಮಿನಲ್ಲಿ ಹೆಂಗಸರಿಗೆ ಪಾಯಖಾನೆ ಬೇಕು, ಕುಡಿಯಲು ನೀರು ಬೇಕು ಎಂದು ರಾಜಧಾನಿಯ ನಡುವೆ ಕೂತು ಕೇಳಿದ್ದು ಇದೇ ಮೊದಲು. ಇದರಲ್ಲಿ ನಿನ್ನ ಪಾಲೂ ಇದೆ. ನೋಡತಕ್ಕ ಸ್ಥಳಗಳೆಂದು ನೀನು ದುಂಡಗೆ ಬರೆದುಕೊಟ್ಟ ಆ ಪಟ್ಟಿ ಇಲ್ಲದಿದ್ದರೆ ಐವತ್ಮೂರು ಹೆಂಗಸರು ಬಸ್ಸು ಹತ್ತುತ್ತಿರಲಿಲ್ಲ.

ನಿನ್ನ ತಾಯಿ ನನ್ನ ಫೋನು ಎತ್ತುತ್ತಿಲ್ಲ. ಮಹಿಳಾ ದಿನಕ್ಕೆ ಹಾವೇರಿಯಲ್ಲಿ ಸಭೆ ಇದೆ, ಅವರು ನಾಲ್ಕು ಮಾತಾಡಬೇಕು. ರಂಜಾನಿನ ರೋಜಾ ಇರುತ್ತದೆಂದು ಗೊತ್ತು, ಇಫ್ತಾರಿನೊಳಗೆ ಮನೆ ಮುಟ್ಟಿಸುವ ಜವಾಬ್ದಾರಿ ನನ್ನದು. ನನ್ನ ಹೆಗಲ ಮೇಲಿನ ಕೆಂಪು ವಲ್ಲಿ ಅವರ ಹತ್ತಿರವೇ ಉಳಿದಿದೆ. ಇರಲಿ, ಅದು ನಮ್ಮ ಕಾರ್ಮಿಕ ಸಂಘದ ಗೌರವ ಎಂದು ಹೇಳು.

ಹೋರಾಟದಲ್ಲಿ ನಿಮ್ಮವ,
ಹೊಳಿಯಪ್ಪ ಮೇಡ್ಲೇರಿ

*

ಬ್ಯಾಡಗಿ
9 ಮಾರ್ಚ್ 2025

ಹೊಳಿಯಪ್ಪ ಕಾಕಾ ಅವರಿಗೆ,

ನಿನ್ನೆ ನಿಮ್ಮ ಸಭೆಗೆ ಅಮ್ಮಿ ಬರಲಿಲ್ಲ. ಇನ್ನು ಮುಂದೆಯೂ ಬರುವುದಿಲ್ಲ. ಫೋಟೋ ಗೋಡೆಯ ಮೇಲಿಲ್ಲ. ಅಪ್ಪ ಅದನ್ನು ಒಲೆಗೆ ಹಾಕಿದ್ದಾನೆ.

ಆ ಕಣ್ಣೀರು ಕೂಲಿಗಾಗಿ ಸುರಿದದ್ದು ಎಂದು ನೀವು ರಾಜ್ಯಕ್ಕೆಲ್ಲ ಹೇಳಿದಿರಿ. ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಯಾಕೆ ಅತ್ತಳೆಂದು ನನಗೆ ಗೊತ್ತು, ನಿಮಗೂ ಗೊತ್ತು. ಮರೆತಿದ್ದರೆ ಓದಿಕೊಳ್ಳಿ.

ಬಸ್ಸು ಇಳಿಸಿದ ಜಾಗದಲ್ಲಿ ಗೇಟು, ಗೇಟಿನ ಮುಂದೆ ಪೊಲೀಸರ ಸಾಲು. ಅಮ್ಮಿ ನಿಮ್ಮನ್ನು ಕೇಳಿದಳು: "ಅಣ್ಣಾರ, ಇದು ಯಾವ ತ್ವಾಟರಿ? ಲಾಲಬಾಗ ಏನು?" ನೀವು ಬಸ್ಸಿನ ಕಡೆ ತಿರುಗಿಕೊಂಡಿರಿ. ಮಾತಾಡಿದವಳು ಪಕ್ಕದ ಮನೆಯ ನೀಲಗಂಗವ್ವಜ್ಜಿ: "ಈ ತ್ವಾಟದಾಗ ಗಿಡಕ್ಕಿಂತ ಪೊಲೀಸರs ಭಾಳ ಬೆಳದಾರಲ್ಲೋ ಹೊಳಿಯಪ್ಪ!" ಎಲ್ಲರೂ ನಕ್ಕರು. ನೀವೂ ನಕ್ಕಿರಿ. ಆಮೇಲೆ ಕೈಗೆ ಫಲಕ ಕೊಟ್ಟಿರಿ.

ಹೆಂಗಸರು ಊರು ನೋಡಲು ಬಂದವರು. ಇದ್ದುದರಲ್ಲಿ ಒಳ್ಳೆಯದನ್ನು ಉಟ್ಟು ಬಂದಿದ್ದರು. ಅಮ್ಮಿಯ ಮೈಮೇಲಿದ್ದ ಗಿಣಿಹಸಿರು ಜರಿ ಸೀರೆ ಫರ್ಹಾನಾ ಅಕ್ಕನ ನಿಕಾಹ್‌ಗೆ ತಂದದ್ದು. ಆಮೇಲೆ ಅದು ಪೆಟ್ಟಿಗೆಯಿಂದ ಹೊರಬಂದದ್ದು ಅವತ್ತೇ. ಪತ್ರಿಕೆಯವರು ಬಂದರೆಂದು ನೀವು ಓಡಿ ಬಂದು ಏನಂದಿರಿ? "ಏನಕ್ಕಾ ಇದು, ಮದಿವಿಗೆ ಬಂದೀ ಏನು? ಈ ಜರಿ ಕಂಡ್ರ ನಮ್ಮನ್ನ ಯಾರು ಬಡವ್ರು ಅಂತಾರ? ಮುಚ್ಚಿಕೋ ಲಗೂನ." ನಿಮ್ಮ ಬೆವರಿನ ವಲ್ಲಿಯನ್ನು ಅವಳಿಗೆ ಹೊದಿಸಿದಿರಿ. ಜರಿ ಅಂಚು ಕಾಲಿನ ಹತ್ತಿರ ಕಾಣುತ್ತದೆಂದು ಫಲಕವನ್ನು ಅಡ್ಡ ಇಟ್ಟಿರಿ.

ನಮ್ಮಮ್ಮಿ ಇಪ್ಪತ್ತು ವರ್ಷ ಮೆಣಸಿನಕಾಯಿಯ ಘಾಟಿನಲ್ಲಿ ಕೂತವಳು. ಎಲ್ಲರೂ ಸೀನುವಾಗ ಅವಳು ಸೀನುವುದಿಲ್ಲ. ಅವಳ ಕಣ್ಣಲ್ಲಿ ನೀರು ಬರುವುದನ್ನು ನಾನು ನೋಡಿರಲಿಲ್ಲ. ಅವತ್ತು ನೋಡಿದೆ. ಆ ಕ್ಷಣಕ್ಕೆ ಸರಿಯಾಗಿ ನೀವು ಫೋಟೋದವನಿಗೆ ಬೆರಳು ಮಾಡಿ ತೋರಿಸಿದ್ದನ್ನೂ ನೋಡಿದೆ.

ಫೋಟೋ ನೋಡಿ ಗೋದಾಮಿನ ಸಾಹುಕಾರ ಏನೆಂದ ಗೊತ್ತೆ? "ಬೆಂಗಳೂರಾಗ ಅತ್ತು ಬಂದಾಕಿ ಇಲ್ಲ್ಯಾಕ ಬಂದಿ? ಕಣ್ಣೀರು ಒರಸವ್ರು ಅಲ್ಲೇ ಸಿಗತಾರ, ಹೋಗು." ಬೇರೆ ಗೋದಾಮಿನವರಿಗೂ ಅವನ ಫೋನು ಹೋಗಿದೆ. ಸುಗ್ಗಿಯ ನಡು ಮಧ್ಯೆ ಅಮ್ಮಿ ಮನೆಯಲ್ಲಿ ಕೂತಿದ್ದಾಳೆ.

ನನಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಇದೆ. ಫೋನು ಮಾಡಬೇಡಿ.

ಸಾನಿಯಾ

*

ರಾಣೆಬೆನ್ನೂರು
17 ಮಾರ್ಚ್ 2025

ಸಾನಿಯಾ,

ನಿನ್ನ ಕಾಗದ ಓದಿದೆ. ಸಿಟ್ಟು ನ್ಯಾಯದ್ದು. ಆದರೆ ಆ ಸಿಟ್ಟನ್ನು ಸಾಹುಕಾರನ ಕಡೆ ತಿರುಗಿಸು. ಕೆಲಸ ಕಿತ್ತುಕೊಂಡವನು ಅವನು, ನಾನಲ್ಲ. ಅವನ ಮೇಲೆ ಕಾರ್ಮಿಕ ಇಲಾಖೆಗೆ ದೂರು ಬರೆಯುತ್ತಿದ್ದೇನೆ. ನಿನ್ನ ತಾಯಿಯ ಸಹಿ ಬೇಕು.

ವಲ್ಲಿಯ ವಿಷಯ. ಪತ್ರಿಕೆಯವರು ಹೇಗೆಂದು ನಿನಗೆ ಗೊತ್ತಿಲ್ಲ. ಒಮ್ಮೆ ಕೂಲಿಯವರು ಮೊಬೈಲು ಹಿಡಿದದ್ದನ್ನು ಕಂಡು 'ಇವರೆಂಥ ಬಡವರು' ಎಂದು ಬರೆದರು. ಬಡವನ ಮೈಮೇಲೆ ಒಂದು ಒಳ್ಳೆಯ ಬಟ್ಟೆ ಕಂಡರೆ ಅವನ ಹಸಿವೇ ಸುಳ್ಳು ಎನ್ನುವ ಲೋಕ ಇದು. ಈ ಲೋಕವನ್ನು ಕಟ್ಟಿದವನು ನಾನಲ್ಲ. ನೂರಾರು ಹೆಂಗಸರಿಗೆ ಪಾಯಖಾನೆ ಸಿಗುವುದು ದೊಡ್ಡದೋ, ಒಂದು ಸೀರೆ ಮುಚ್ಚಿದ್ದು ದೊಡ್ಡದೋ?

ಪರೀಕ್ಷೆ ಚೆನ್ನಾಗಿ ಬರೆ.

ಹೊಳಿಯಪ್ಪ

*

ಬ್ಯಾಡಗಿ
4 ಮೇ 2025

ಹೊಳಿಯಪ್ಪನವರಿಗೆ,

ಎಸ್ಸೆಸ್ಸೆಲ್ಸಿ ಪಾಸಾಗಿದ್ದೇನೆ. ಪೇಢೆ ತರಲು ಅಮ್ಮಿಯನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋಗಿದ್ದೆ. ಗೋಡೆಯ ತುಂಬ ಅಮ್ಮಿ! ನಿಮ್ಮ ಮೇ ದಿನದ ಪೋಸ್ಟರು. ಒಂದರ ಪಕ್ಕ ಒಂದು, ಹನ್ನೊಂದು ಅಮ್ಮಿಯರು ಸಾಲಾಗಿ ಅಳುತ್ತಿದ್ದರು. ಒಬ್ಬಳ ಕಣ್ಣಿನ ಮೇಲೆ ಯಾರೋ ಎಲೆಅಡಿಕೆ ಉಗುಳಿದ್ದರು.

ಅಮ್ಮಿ ಸೆರಗು ಎಳೆದು ಮುಖ ಮುಚ್ಚಿಕೊಂಡಳು. "ನಡಿ ಬೇಟಿ, ಪೇಢೆ ನಾಳೆ ತರೂಣು" ಎಂದಳು. ಅವತ್ತಿನಿಂದ ಮನೆಯಿಂದ ಹೊರಗೆ ಕಾಲಿಟ್ಟಿಲ್ಲ. ನೀರು ತುಂಬಲೂ ನಾನೇ ಹೋಗುತ್ತೇನೆ.

ನನ್ನ ಅಮ್ಮಿಯ ಮುಖವನ್ನು ಗೋಡೆಯಿಂದ ಇಳಿಸಿ. ಬ್ಯಾಡಗಿಯಿಂದ, ಹಾವೇರಿಯಿಂದ, ರಾಣೆಬೆನ್ನೂರಿನಿಂದ. ಅವಳು ಹೊರಗೆ ಬರಬೇಕು. ನನಗೆ ಇದೊಂದೇ ಬೇಕಾದದ್ದು. ನಿಮ್ಮ ದೂರು, ನಿಮ್ಮ ಸಹಿ, ನಿಮ್ಮ ನ್ಯಾಯ ಎಲ್ಲ ನೀವೇ ಇಟ್ಟುಕೊಳ್ಳಿ.

ಸಾನಿಯಾ ಶಾಬುದ್ದೀನ

*

ರಾಣೆಬೆನ್ನೂರು
13 ಮೇ 2025

ಸಾನಿಯಾ,

ನಾಲ್ಕು ದಿನ ಹಿಡಿಯಿತು. ಪೋಸ್ಟರುಗಳನ್ನು ಕಳೆ ಕೀಳುವ ಕುರ್ಪಿಯಿಂದ ಕೆರೆದಿದ್ದೇನೆ. ಅಂಟಿಸುವಾಗ ಮೈದಾ ಕುದಿಸಿ ಗಟ್ಟಿಯಾಗಿ ಹಚ್ಚುವುದನ್ನು ಹುಡುಗರಿಗೆ ಕಲಿಸಿದವನು ನಾನೇ. ಅದು ಎಷ್ಟು ಗಟ್ಟಿಯೆಂದು ಈಗ ಗೊತ್ತಾಯಿತು. ಬೇರೆಯವರ ಕೈಯಲ್ಲಿ ಮಾಡಿಸಲಿಲ್ಲ. ಹಾವೇರಿಯಲ್ಲಿ ಇಬ್ಬರು ಕಾನ್‌ಸ್ಟೇಬಲ್‌ಗಳು ನಿಂತು, "ಏನ್ ಲೀಡರ್, ಪಾರ್ಟಿ ಬಿಟ್ರ್ಯಾ?" ಎಂದು ಕೇಳಿದರು. ಬ್ಯಾಡಗಿಯ ಬಸ್‌ಸ್ಟ್ಯಾಂಡಿನಲ್ಲಿ ಮಟ ಮಟ ಮಧ್ಯಾಹ್ನ ಕೆರೆದೆ. ಕಾಗದ ಒಂದೇ ಸಲಕ್ಕೆ ಬರುವುದಿಲ್ಲ. ಮೊದಲು ಘೋಷಣೆ ಹೋಗುತ್ತದೆ, ಆಮೇಲೆ ಸಂಘದ ಹೆಸರು, ಕೊನೆಗೆ ಉಳಿಯುವುದು ಮುಖ. ಹನ್ನೊಂದು ಸಲ ನಿನ್ನ ತಾಯಿಯ ಕಣ್ಣನ್ನು ಎದುರಿಗಿಟ್ಟುಕೊಂಡು ಕೆರೆದಿದ್ದೇನೆ. ಅದನ್ನು ನಿನಗೆ ಬರೆದು ತಿಳಿಸಲು ನನಗೆ ಬರುವುದಿಲ್ಲ.

ಮಾರ್ಚಿನ ನನ್ನ ಕಾಗದವನ್ನು ಹರಿದುಹಾಕು. ಅದರಲ್ಲಿ ನಾನು ವಕೀಲನ ಹಾಗೆ ಬರೆದಿದ್ದೇನೆ.

ಖರೇ ಇದು: ಹೊತ್ತು ಸಾಲಲಿಲ್ಲ ಎಂಬುದು ಸುಳ್ಳು. ಬಸ್ಸಿನವನಿಗೆ ನಾನು ಮೊದಲೇ ಹೇಳಿದ್ದು ಒಂದೇ ಜಾಗ. ಧರಣಿಯ ಮೈದಾನಕ್ಕೆ ಹೋಗುವುದು, ತಿರುಗಿ ಬರುವುದು. ಪಟ್ಟಿಯಲ್ಲಿದ್ದ ಒಂದು ಸ್ಥಳವನ್ನೂ ತೋರಿಸುವ ಮನಸ್ಸು ನನಗಿರಲಿಲ್ಲ. ಅದಕ್ಕಿಂತ ಹಿಂದೆ ಮೂರು ಸಲ ಖರೇ ಹೇಳಿ ಕರೆದಿದ್ದೆ. ಒಮ್ಮೆ ಒಂಬತ್ತು ಜನ, ಒಮ್ಮೆ ಆರು, ಒಮ್ಮೆ ನಾನೂ ನನ್ನ ಧ್ವನಿವರ್ಧಕವೂ. ಬಸ್ಸು ತುಂಬಬೇಕಿತ್ತು. ತುಂಬಿದೆ.

1984ರಲ್ಲಿ ನನಗೆ ಹದಿನೇಳು. ಮೇಡ್ಲೇರಿಯಿಂದ ನಮ್ಮನ್ನು ಲಾರಿಯಲ್ಲಿ ತುಂಬಿಕೊಂಡು ಹೋದರು. 'ಬೆಂಗಳೂರಿನಲ್ಲಿ ಹುಲಿ ತೋರಿಸುತ್ತೇವೆ' ಎಂದಿದ್ದರು. ಯಾವುದೋ ನಾಯಕನ ಸಭೆಯಲ್ಲಿ ಬಿಸಿಲಿಗೆ ಕೂರಿಸಿ, ಕೈ ಎತ್ತಿ ಎಂದಾಗ ಕೈ ಎತ್ತಿಸಿ, ವಾಪಸು ತಂದು ಒಗೆದರು. ಊರಿಗೆ ಬಂದ ಮೇಲೆ ನಮ್ಮವ್ವ ಕೇಳಿದಳು: "ಹುಲಿ ಹೆಂಗಿತ್ತೋ?" ನಾನು "ಭಾಳ ದೊಡ್ಡದಿತ್ತು" ಎಂದೆ. ಬಡವರನ್ನು ತಲೆ ಎಣಿಸಿ ತುಂಬುವ ಆ ಜನರ ವಿರುದ್ಧವೇ ನಾನು ಚಳವಳಿಗೆ ಬಂದದ್ದು. ಈಗ ನೋಡಿದರೆ ಅದೇ ಲಾರಿಯನ್ನು ನಾನೇ ಓಡಿಸುತ್ತಿದ್ದೇನೆ. ಬಾವುಟದ ಬಣ್ಣ ಮಾತ್ರ ಬೇರೆ.

ನಿನ್ನ ಕಾಗದಗಳಲ್ಲಿ ಒಂದು ಮಾತು ಬಂದಿಲ್ಲ. ನಾನೂ ಅದನ್ನು ಬರೆಯುವುದಿಲ್ಲ. ತಪ್ಪು ದೊಡ್ಡವರದು. ಅಲ್ಲಿಗೆ ಬಿಡು.

ನಿನ್ನ ತಾಯಿಯ ಮುಂದೆ ನಿಂತು ತಪ್ಪಾಯಿತು ಎನ್ನಬೇಕು. ಬರಲೇ?

ಹೊಳಿಯಪ್ಪ

*

ಹಾವೇರಿ, ಬಾಲಕಿಯರ ವಸತಿ ನಿಲಯ
24 ಆಗಸ್ಟ್ 2025

ಕಾಕಾ,

ಮೂರು ತಿಂಗಳಾಯಿತು. ಪಿಯುಸಿಗೆ ಇಲ್ಲಿ ಸೇರಿದ್ದೇನೆ. ಇಲ್ಲಿ ಫೋನು ಕಸಿದುಕೊಳ್ಳುತ್ತಾರೆ, ಹಾಗಾಗಿ ಕಾಗದ. ನಿಮ್ಮ ಕಾಗದವನ್ನು ಟ್ರಂಕಿನ ತಳದಲ್ಲಿ ಇಟ್ಟಿದ್ದೇನೆ. 'ಒಂದು ಮಾತು ಬಂದಿಲ್ಲ' ಎಂಬ ಆ ಸಾಲಿಗೆ ಹೆದರಿ ಇಷ್ಟು ದಿನ ಉತ್ತರ ಬರೆಯಲಿಲ್ಲ.

ನೀವು ಬಿಟ್ಟರೂ ಅದು ಬಿಡುವುದಿಲ್ಲ. ಬರೆದೇ ಬಿಡುತ್ತೇನೆ.

ಜನವರಿಯಲ್ಲಿ ನೀವು ಗೋದಾಮಿನ ಹಿಂದೆ ನನ್ನನ್ನು ಕರೆದು ಹೇಳಿದ್ದು: "ಬೆಂಗಳೂರಾಗ ನೋಡೂವಂಥಾದ್ದು ಏನೇನೈತಿ, ಬರಿ. ಹರೇದ ಹುಡುಗ್ಯಾರಿಗೆ ಏನು, ದೊಡ್ಡವ್ರಿಗೆ ಏನು, ಬ್ಯಾರೆ ಬ್ಯಾರೆ ಬರಿ." ನಾನು ಪರೀಕ್ಷೆಯ ಪ್ಯಾಡಿನ ಮೇಲೆ ಎರಡು ಸಾಲು ಎಳೆದೆ. ಹುಡುಗಿಯರಿಗೆ ಮೆಟ್ರೊ, ತಾರಾಲಯ, ವಿಜ್ಞಾನದ ಮ್ಯೂಸಿಯಂ, ಬಾಗಿಲಲ್ಲೇ ನಿಂತಿರುವ ಡೈನೊಸಾರು. ದೊಡ್ಡವರಿಗೆ ವಿಧಾನಸೌಧ, ಲಾಲ್‌ಬಾಗಿನ ಗಾಜಿನ ಮನೆ, ಟಿಪ್ಪೂನ ಅರಮನೆ, ಹೂವಿನ ಮಾರ್ಕೆಟ್ಟು, ಚಿಕ್ಕಪೇಟೆಯ ಸೀರೆ ಅಂಗಡಿಗಳನ್ನು ಬರೇ ನೋಡುವುದು. ಬರೆದು ಮುಗಿದ ಮೇಲೆ ನೀವು ಅಂದಿರಿ: "ಮೊದಲ ಒಂದೀಟು ಧರಣಿ ಕುಂದ್ರೂದೈತಿ. ಅದನ್ನ ಯಾರಿಗೂ ಹೇಳಬ್ಯಾಡವಾ, ಹೆದರತಾರ." ನಾನು "ಹೂಂರಿ ಕಾಕಾ" ಎಂದೆ.

ನಾನೇ ಊಟದ ಹೊತ್ತಿನಲ್ಲಿ ಮೆಣಸಿನಕಾಯಿ ರಾಶಿಯ ಮೇಲೆ ಕೂತು ಆ ಪಟ್ಟಿಯನ್ನು ಗಟ್ಟಿಯಾಗಿ ಓದಿದೆ. ಎಲ್ಲರೂ ಕೆಲಸ ಬಿಟ್ಟು ಕೇಳಿದರು. ಡೈನೊಸಾರು ಎಂದರೇನೆಂದು ನೀಲಗಂಗವ್ವಜ್ಜಿ ಕೇಳಿದಳು. "ದೊಡ್ಡ ಉಡ, ಸತ್ತು ಭಾಳ ವರ್ಷ ಆತು" ಎಂದೆ. "ಸತ್ತ ಉಡಾ ನೋಡಾಕ ಬೆಂಗಳೂರ ತನಕಾ ಯಾಕs ಹೋಗಬೇಕು" ಎಂದು ಬೈದು, ಹೆಸರು ಮೊದಲು ಬರೆಸಿದವಳು ಅವಳೇ.

ಆ ಸಂಜೆ ಅಮ್ಮಿ ಕೇಳಿದಳು. ರೊಟ್ಟಿ ಬಡಿಯುತ್ತಿದ್ದಳು, ನನ್ನ ಕಡೆ ತಿರುಗಲಿಲ್ಲ. "ಬೇಟಿ, ಬರೇ ನೋಡಾಕ ಕರಕೊಂಡು ಹೊಂಟಾರೋ, ಮತ್ತೇನರ ಕೆಲಸ ಐತೋ? ಖರೇ ಹೇಳು. ಫೋಟೋ ಪೇಪರಿನ್ಯಾಗ ಬಂದ್ರ ಸಾಹುಕಾರ ಬಿಡೂದಿಲ್ಲ." ನಾನು "ಬರೇ ನೋಡಾಕ, ಅಮ್ಮಿ" ಎಂದೆ.

ಯಾಕೆ ಗೊತ್ತೆ? ಒಂಬತ್ತನೆಯ ತರಗತಿಯಲ್ಲಿ ಶಾಲೆಯವರು ಬೆಂಗಳೂರಿಗೆ ಪ್ರವಾಸ ಹೋದಾಗ ಅಪ್ಪ ಕಳಿಸಲಿಲ್ಲ. ಅಮ್ಮಿ ಜೊತೆಗಿದ್ದರೆ ಮಾತ್ರ ಕಳಿಸುತ್ತಿದ್ದ. ನನಗೆ ಮೆಟ್ರೊ ಹತ್ತಬೇಕಿತ್ತು ಕಾಕಾ, ಇಷ್ಟೇ. ನಿಮಗೆ ಅವಳ ಕಣ್ಣೀರು ಬೇಕಾಗಿತ್ತು, ನನಗೆ ಬಸ್ಸು ಹತ್ತಲು ಅವಳ ಹೆಸರು ಬೇಕಾಗಿತ್ತು. ಜರಿ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು "ಇದನ್ನs ಉಡು, ವಿಧಾನಸೌಧದ ಮುಂದ ಫೋಟೋ ತಗೀತೇನಿ" ಎಂದವಳೂ ನಾನೇ.

ನಿಮಗೆ ಬೈದು ಬರೆದ ಕಾಗದಗಳಲ್ಲಿ ಸುಳ್ಳಿಲ್ಲ. ಆದರೆ ಬೈಯುವಷ್ಟು ಹೊತ್ತು ನನ್ನ ಪಾಲು ನನಗೆ ಕಾಣುತ್ತಿರಲಿಲ್ಲ. ಅದಕ್ಕೇ ಅಷ್ಟು ಜೋರಾಗಿ ಬೈದೆ.

ಅಮ್ಮಿ ಈಗ ಹೊರಗೆ ಬರುತ್ತಾಳೆ, ನೀರಿಗೆ, ಸಂತೆಗೆ. ಗೋದಾಮು ಇಲ್ಲ. ಮನೆಯಲ್ಲೇ ಕೂತು ಯಾರದೋ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾಳೆ, ಅರ್ಧ ಕೂಲಿಗೆ. ದಸರಾ ರಜೆಯಲ್ಲಿ ಅವಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗುತ್ತೇನೆ. ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆ, ಆಧಾರ್ ಕಾರ್ಡು ಸಾಕು. ಅಪ್ಪ ಒಪ್ಪಿದ್ದಾನೆ, ನೀಲಗಂಗವ್ವಜ್ಜಿ ಜೊತೆಗಿರುತ್ತಾಳೆ. ಪಟ್ಟಿಯಲ್ಲಿದ್ದದ್ದನ್ನು ತೋರಿಸಿ, ಅಲ್ಲೇ ಅವಳಿಗೆ ಹೇಳಿಬಿಡುತ್ತೇನೆ. ಅವಳು ನನ್ನನ್ನು ಏನು ಮಾಡುತ್ತಾಳೋ ಗೊತ್ತಿಲ್ಲ.

ನೀವು ಈಗ ಬರಬೇಡಿ. ನಿಮ್ಮ ಕ್ಷಮಾಪಣೆಯ ಹಿಂದೆ ನಾನು ಅಡಗಿಕೊಂಡುಬಿಡುತ್ತೇನೆ. ಮೊದಲು ನನ್ನದು ಮುಗಿಯಲಿ. ನೀವು ಬೆಂಗಳೂರು ಬಲ್ಲವರು. ಎಲ್ಲಿ ಇಳಿಯಬೇಕು, ಎಲ್ಲಿ ಏನು, ಬರೆದು ಕಳಿಸಿ.

ಸಾನಿಯಾ

*

ರಾಣೆಬೆನ್ನೂರು
3 ಸೆಪ್ಟೆಂಬರ್ 2025

ಮಗಳೇ ಸಾನಿಯಾ,

ನಾನು ಬೆಂಗಳೂರಿಗೆ ನಲವತ್ತು ಸಲ ಹೋಗಿರಬಹುದು. ನಿನ್ನ ಕಾಗದ ಬಂದ ಮೇಲೆ ಕೂತು ನೆನೆದೆ. ನನಗೆ ಗೊತ್ತಿರುವುದು ಮೆಜೆಸ್ಟಿಕ್ಕು, ಧರಣಿಯ ಮೈದಾನ, ಮೂರು ಪೊಲೀಸ್ ಠಾಣೆ, ಮತ್ತೆ ಮೆಜೆಸ್ಟಿಕ್ಕು. ಲಾಲ್‌ಬಾಗನ್ನು ನಾನೂ ನೋಡಿಲ್ಲ. ನೋಡುವ ಮನಸ್ಸಾದರೂ ಅದು ಉಳ್ಳವರ ಚಾಳಿ ಎಂದು ನನಗೆ ನಾನೇ ಬೈದುಕೊಂಡಿದ್ದೇನೆ. ಬಡವರಿಗೆ ರೊಟ್ಟಿ ಬೇಕು ಎಂದು ಕೂಗಿ ಕೂಗಿ, ಅವರಿಗೆ ಕಣ್ಣೂ ಇದೆ ಎಂಬುದನ್ನೇ ಮರೆತೆ.

ನನಗೆ ಗೊತ್ತಿರುವಷ್ಟನ್ನು ಬರೆಯುತ್ತೇನೆ. ಮೆಜೆಸ್ಟಿಕ್ಕಿನಲ್ಲಿ ಇಳಿದ ಕೂಡಲೇ, ಇನ್ನೂ ಗದ್ದಲ ಏರುವ ಮೊದಲು, ಹೆಂಗಸರು ಮುಖ ತೊಳೆಯುವುದನ್ನು ಮುಗಿಸಿಕೊಳ್ಳಿ. ನೀರು ತುಂಬಿಕೊಳ್ಳಿ. ಆಟೊದವನಿಗೆ ಊರಿನ ಹೆಸರು ಹೇಳಬೇಡಿ. ಭಾನುವಾರ ಹೋದರೆ ಸಂಜೆ ವಿಧಾನಸೌಧಕ್ಕೆ ದೀಪ ಹಾಕುತ್ತಾರೆ. ಈಗ ಟಿಕೆಟು ತೆಗೆದವರನ್ನು ಒಳಗೂ ಬಿಡುತ್ತಾರಂತೆ, ಮೊಬೈಲಿನಲ್ಲಿ ಮೊದಲೇ ಹೆಸರು ಹಚ್ಚಬೇಕಂತೆ. ನಲವತ್ತು ಸಲ ಅದರ ಕಡೆ ಮುಖ ಮಾಡಿ ಕೂಗಿದ ನನ್ನನ್ನು ಒಮ್ಮೆಯೂ ಬಿಡಲಿಲ್ಲ. ಪ್ರಜೆಯಾಗಿ ಬಂದರೆ ಲಾಠಿ, ಪ್ರವಾಸಿಯಾಗಿ ಬಂದರೆ ನಮಸ್ಕಾರ! ಇರಲಿ, ನೀವು ಹೋಗಿ ನೋಡಿ. ಅದು ನಿಮ್ಮಪ್ಪನದೂ ನಿಮ್ಮಮ್ಮನದೂ ಮನೆ.

ಕಳೆದ ವಾರ ಸಂಘದ ಸಭೆಯಲ್ಲಿ ಎದ್ದು ನಿಂತು ಎಲ್ಲ ಹೇಳಿದೆ. ಸುಳ್ಳು ಹೇಳಿ ಬಸ್ಸು ತುಂಬಿದ್ದು, ಸೀರೆ ಮುಚ್ಚಿದ್ದು, ಫೋಟೋ. ನಿನ್ನ ಹೆಸರು ತೆಗೆಯಲಿಲ್ಲ. ಗಂಡಸರು "ಹೋಗ್ಲಿ ಬಿಡ್ರಿ, ಚಳವಳಿಯೊಳಗ ಇವೆಲ್ಲಾ ಇರೂವs" ಎಂದರು. ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ನೀಲಗಂಗವ್ವ ಹೊರಗೆ ಹೋಗುವಾಗ ತಿರುಗಿ, "ಹೊಳಿಯಪ್ಪ, ಆ ಸತ್ತ ಉಡಾನರ ತೋರಸಬೇಕಿತ್ತೋ" ಎಂದಳು. ಆ ಮಾತು ನನ್ನನ್ನು ಮಲಗಲು ಬಿಡುತ್ತಿಲ್ಲ.

ನಿನ್ನ ಕಾಕಾ,
ಹೊಳಿಯಪ್ಪ

*

ಬ್ಯಾಡಗಿ
2 ಅಕ್ಟೋಬರ್ 2025

ಕಾಕಾ,

ಹೋಗಿ ಬಂದೆವು. ಭಾನುವಾರ ಬೆಳಿಗ್ಗೆ ಇಳಿದು, ಅದೇ ರಾತ್ರಿಯ ಬಸ್ಸಿಗೆ ಹೊರಟೆವು. ಬಸ್ಸು ಪುಕ್ಕಟೆ ಎಂದು ನಂಬದೆ ನೀಲಗಂಗವ್ವಜ್ಜಿ ದಾವಣಗೆರೆ ದಾಟುವವರೆಗೂ ಸೊಂಟದ ಚೀಲ ಹಿಡಿದುಕೊಂಡೇ ಕೂತಿದ್ದಳು.

ಅಮ್ಮಿ ಜರಿ ಸೀರೆ ಉಟ್ಟಿದ್ದಳು. ನಾನು ಹೇಳಿರಲಿಲ್ಲ.

ವಿಧಾನಸೌಧದ ಒಳಗೆ ಹೋದೆವು. ನಮ್ಮ ರೊಟ್ಟಿ ಗಂಟನ್ನು ಬಿಚ್ಚಿ ನೋಡಿ ಬಿಟ್ಟರು. ತೋರಿಸುವ ಹುಡುಗಿ ಕಲ್ಲು ಎಲ್ಲಿಂದ ಬಂತು, ಕಟ್ಟಲು ಎಷ್ಟು ವರ್ಷ ಹಿಡಿಯಿತು ಎಂದೆಲ್ಲ ಹೇಳಿ, "ಏನಾದರೂ ಪ್ರಶ್ನೆ ಇದೆಯಾ?" ಎಂದು ಕೇಳಿದಳು. ಅಮ್ಮಿ ಕೈ ಎತ್ತಿದಳು. "ಹೆಣ್ಮಕ್ಕಳ ಪಾಯಖಾನೆ ಎಲ್ಲೈತ್ರೀ?" ಸುತ್ತಲಿನವರು ನಕ್ಕರು. ಅಮ್ಮಿ ನಗಲಿಲ್ಲ. ಒಳಗೆ ಹೋಗಿ, ನಳ ತಿರುವಿ, ಚಿಲಕ ಹಾಕಿ ತೆಗೆದು ನೋಡಿ ಬಂದು ನೀಲಗಂಗವ್ವಜ್ಜಿಗೆ ಹೇಳಿದಳು: "ಚೊಲೋ ಐತಿ. ನೀರೂ ಐತಿ. ಇವ್ರಿಗೆ ಬೇಕಾದದ್ದು ನಮಗೂ ಬೇಕಾಕ್ಕೈತಿ ಅಂತ ಇವ್ರಿಗೆ ಗೊತ್ತs ಐತಿ ಹಂಗಾರ."

ಮೆಟ್ರೊ ಹತ್ತಿದೆವು. ನಡೆಯುವ ಮೆಟ್ಟಿಲಿನ ಮುಂದೆ ಅಜ್ಜಿ ನಿಂತುಬಿಟ್ಟಳು. "ಮೆಟ್ಟಿಲs ನಡದ ಹೊಂಟಾವು, ಮತ್ತ ನನ್ನ ಕಾಲಿಗೇನು ಕೆಲಸ?" ಅಮ್ಮಿ ಅವಳನ್ನು ಸೊಂಟ ಹಿಡಿದು ಎತ್ತಿ ಇಟ್ಟಳು. ನಾನು ಇಷ್ಟು ವರ್ಷ ಬಯಸಿದ ಮೆಟ್ರೊ. ಕಿಟಕಿಯ ಗಾಜಿನಲ್ಲಿ ಅಮ್ಮಿಯ ಮುಖವೇ ಕಾಣುತ್ತಿತ್ತು. ಹೊರಗೆ ಏನಿತ್ತೋ ನನಗೆ ನೆನಪಿಲ್ಲ.

ಲಾಲ್‌ಬಾಗಿನ ಬಂಡೆಯ ಮೇಲೆ ರೊಟ್ಟಿ ಬಿಚ್ಚಿದೆವು. ಅಲ್ಲಿ ಹೇಳಿದೆ. ಪಟ್ಟಿ ಬರೆದದ್ದು ನಾನೆಂದು ಅವಳಿಗೆ ಗೊತ್ತಿತ್ತು. ಧರಣಿ ಇರುವುದು ನನಗೆ ಮೊದಲೇ ಗೊತ್ತಿತ್ತೆಂದು ಹೇಳಿದೆ. ನೀನು ಕೇಳಿದಾಗ ಸುಳ್ಳು ಹೇಳಿದೆ ಎಂದೆ. ಮೆಟ್ರೊ ಹತ್ತುವ ಆಸೆಗೆ ಎಂದೂ ಹೇಳಿದೆ.

ಅಮ್ಮಿಯ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ನೀಲಗಂಗವ್ವಜ್ಜಿ ಶೇಂಗಾ ಚಟ್ನಿಯ ಡಬ್ಬಿಯ ಮುಚ್ಚಳ ಹಾಕಿದಳು. ಅಮ್ಮಿ ತುತ್ತು ನುಂಗಿ, "ನಾ ನಿನ್ನ ಕೇಳಿದ್ದೆ" ಎಂದಳು. ಇನ್ನೊಮ್ಮೆ, "ಕೇಳಿದ್ದೆ ನಾ." ಅಷ್ಟೇ ಕಾಕಾ. ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಬಂಡೆಯಿಂದ ಹಗುರಾಗಿ ಇಳಿಯುತ್ತಿದ್ದೆ.

ಎದ್ದು ಸೀರೆ ಕೊಡವಿಕೊಂಡಳು. "ನಡಿ, ಆ ಜಾಗಾ ತೋರಸು."

ಟಿಪ್ಪೂನ ಅರಮನೆ, ತಾರಾಲಯ, ಡೈನೊಸಾರು ಯಾವುದೂ ಆಗಲಿಲ್ಲ. ಹೊತ್ತು ಸಾಲಲಿಲ್ಲ. ಈ ಸಲ ಖರೇನೇ ಸಾಲಲಿಲ್ಲ.

ಧರಣಿಯ ಮೈದಾನದಲ್ಲಿ ಅವತ್ತು ರಾಯಚೂರು ಕಡೆಯ ಹೆಂಗಸರು ಮೂರು ದಿನದಿಂದ ಕೂತಿದ್ದರು. ಅಮ್ಮಿ ಸೀದಾ ಮುಂದಿನ ಸಾಲಿಗೆ ಹೋಗಿ, ತಾನು ಅವತ್ತು ಕೂತಿದ್ದ ಕಡೆಯೇ ಕೂತಳು. ಜರಿ ಅಂಚನ್ನು ಮಡಿಲ ಮೇಲೆ ಹರಡಿಕೊಂಡಳು. ಅವರ ಮುಂದಾಳು ಬಂದು ಯಾರು ನೀವು ಎಂದ. "ಬ್ಯಾಡಗಿಯವ್ರು. ಊರು ನೋಡಾಕ ಬಂದೇವಿ." ಅವನು ಅವಳ ಸೀರೆ ನೋಡಿ ಏನೋ ಹೇಳಹೋದ. ನೀಲಗಂಗವ್ವಜ್ಜಿ ಅವನ ಹೆಗಲ ಮೇಲಿನ ಶಾಲು ತೋರಿಸಿ, "ಅದನ್ನ ನಿನ್ನ ಹೆಗಲ ಮ್ಯಾಲೇ ಇಟ್ಕೋ ತಮ್ಮಾ" ಎಂದಳು. ಅವನಿಗೆ ಏನೂ ತಿಳಿಯಲಿಲ್ಲ.

ಪಕ್ಕದ ಹೆಂಗಸಿಗೆ ರೊಟ್ಟಿ ಕೊಟ್ಟು ಅಮ್ಮಿ ಕೇಳಿದಳು: "ನಿಮಗ ಏನೇನು ತೋರಸ್ತೇನಿ ಅಂದಾರವ್ವಾ?" ಆ ಹೆಂಗಸು ಮುಂದಾಳುವಿನ ಕಡೆ ನೋಡಿ ದನಿ ತಗ್ಗಿಸಿ, "ವಿಧಾನಸೌಧ" ಎಂದಳು. "ನೋಡಿದ್ರಿ?" "ಎಲ್ಲೀದು ನೋಡೂದು?"

ಅಮ್ಮಿ ಎದ್ದು ನಿಂತಳು. "ಐದೈದು ಮಂದಿ ಬರ್ರಿ. ನಡದ ಹೋಗೂವಷ್ಟ ಹತ್ರ ಐತಿ. ಉಳದವ್ರು ಇಲ್ಲೇ ಕುಂದರ್ರಿ, ಧರಣಿ ಮುರೀಬ್ಯಾಡ್ರಿ." ದೀಪ ಹತ್ತಿದ ಮೇಲೆ ಮೂರು ಸಲ ಹೋಗಿ ಬಂದಳು, ಐದು ಐದು ಜನರನ್ನು ಕರೆದುಕೊಂಡು. ನಾನು ಹಿಂದೆ ಹಿಂದೆ ನಡೆದೆ. ಮೂರನೇ ಸಲ ಅವಳು ಆ ಹೆಂಗಸರಿಗೆ, "ಒಳಗ ಪಾಯಖಾನೆ ಚೊಲೋ ಐತಿ, ನಾ ನೋಡೇನಿ" ಎಂದು ಹೇಳುತ್ತಿದ್ದಳು, ತನ್ನದೇ ಮನೆಯ ಬಗ್ಗೆ ಹೇಳುವ ಹಾಗೆ. ವಿಧಾನಸೌಧದ ಮುಂದೆ ಫೋಟೋ ತೆಗೆಯಲೇ ಎಂದೆ. "ಬ್ಯಾಡ" ಎಂದಳು.

ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕೂರಲಿಲ್ಲ. ಮನೆಗೆ ಬಂದು ನಾಲ್ಕು ದಿನವಾಯಿತು, ಬೇಕಾದಷ್ಟೇ ಮಾತು. ನಿನ್ನೆ ಹೊಳಿಯಪ್ಪ ಕಾಕಾನಿಗೆ ಕಾಗದ ಬರೆಯುತ್ತೇನೆಂದೆ. ತೊಟ್ಟು ಬಿಡಿಸುತ್ತಲೇ ಹೇಳಿದಳು, ಹೇಳಿದ ಹಾಗೆ ಬರೆಯುತ್ತಿದ್ದೇನೆ: "ಹೊಳಿಯಪ್ಪಣ್ಣ, ಗೋದಾಮಿನ್ಯಾಗ ಇನ್ನೂ ಪಾಯಖಾನೆ ಕಟ್ಟಿಲ್ಲ. ಮುಂದಿನ ಧರಣಿ ಯಾವಾಗ? ಹತ್ತು ಮಂದಿ ಬಂದ್ರ ಹತ್ತs ಮಂದಿ. ನಾ ಬರ್ತೇನಿ, ಈ ಸೀರೀನs ಉಟ್ಟು ಬರ್ತೇನಿ. ನಿನ್ನ ವಲ್ಲಿ ಒಗದು ಇಟ್ಟೇನಿ, ಬಂದು ಒಯ್ಯಿ. ಲಾಲಬಾಗ ನೋಡಿಲ್ಲಂತಲ್ಲ, ನಿನಗೂ ತೋರಸೂಣು."

ಆಮೇಲೆ ನನ್ನ ಪರೀಕ್ಷೆಯ ಪ್ಯಾಡನ್ನು ತಾನೇ ತಂದು ಮುಂದಿಟ್ಟಳು. ಪಟ್ಟಿಯನ್ನು ಮತ್ತೆ ಬರೆಯಬೇಕಂತೆ. ಈ ಸಲ ಅವಳು ಹೇಳುತ್ತಾಳೆ, ನಾನು ಬರೀ ಬರೆಯುವವಳು. ಇನ್ನೂ ಒಂದೇ ಸಾಲಾಗಿದೆ. ಅದನ್ನು ಎರಡು ಸಲ ಓದಿಸಿಕೊಂಡಳು:

'ಬೆಂಗಳೂರಿಗೆ ಧರಣಿ ಕುಂದ್ರಾಕ ಹೊಂಟೇವಿ. ಹೊತ್ತು ಉಳಿದ್ರ ಲಾಲಬಾಗ.'

ಕುಲ್ಸುಮಬಿಯ ಮಗಳು,
ಸಾನಿಯಾ